ಹದಿನೈದಕ್ಕೆ ತಿರುಗು

ಮೊಣಕಾಲು ಮುಳುಗುವ ನೀರಿನಿಂದಾಚೆ ಒಂದು ಹೆಜ್ಜೆಯನ್ನೂ ಇಟ್ಟವಳಲ್ಲ. ಆದರೂ ಆ ದಡದಲ್ಲಿ ಸಮುದ್ರಕ್ಕೆ ಯಾರು ಇಳಿಯಬೇಕು, ಎಷ್ಟು ಆಳಕ್ಕೆ ಇಳಿಯಬೇಕು, ಎಷ್ಟು ಹೊತ್ತಿಗೆ ಮೇಲೆ ಬರಬೇಕು ಎಂದು ಇಪ್ಪತ್ತನಾಲ್ಕು ವರ್ಷಗಳಿಂದ ನಿಶ್ಚಯಿಸುತ್ತಿದ್ದವಳು ಅವಳೇ. ಡೈವಿಂಗಿಗೆ ಬರುವವರೆಲ್ಲ ಅವಳನ್ನು ಗಡಿಯಾರದಕ್ಕ ಎನ್ನುತ್ತಿದ್ದರು. ಅಂಗಡಿಯ ಬಾಗಿಲಲ್ಲಿ ಒಂದು ಬೆಂಚು, ಬೆಂಚಿನ ಮೇಲೆ ಅವಳು, ಎದುರಿಗೆ ಬಿಳಿಯ ಹಲಗೆ, ಹಲಗೆಯ ನೆತ್ತಿಯ ಮೇಲೆ ಒಂದು ದುಂಡು ಗಡಿಯಾರ. ಅವಳ ಸಾಮ್ರಾಜ್ಯವೆಲ್ಲ ಅಷ್ಟೇ. ಆದರೆ ಆ ಸಾಮ್ರಾಜ್ಯದಲ್ಲಿ ಅವಳ ಮಾತಿಗೆ ಎದುರಾಡಿದವರು ಕಡಿಮೆ.

ಅಲ್ಲಿಗೆ ಜನ ಬರುತ್ತಿದ್ದುದು ಗೋಡೆ ನೋಡಲು. ಗೋಡೆಯೆಂದರೆ ಯಾರೂ ಕಟ್ಟಿದ್ದಲ್ಲ. ಅಂಗಡಿಯ ಮುಂದಿನ ಕಲ್ಲುಮೆಟ್ಟಿಲು ಇಳಿದು, ಎದೆಮಟ್ಟದ ನೀರಿನಲ್ಲಿ ಕಾಲಿಗೆ ರೆಕ್ಕೆ ಸಿಕ್ಕಿಸಿಕೊಂಡು, ಐವತ್ತು ಸಲ ಕಾಲು ಬಡಿದರೆ ಸಾಕು, ಸಮುದ್ರದ ನೆಲ ಅಲ್ಲಿಗೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಬಂಡೆ ಮೈತುಂಬ ಹವಳ ಹೊತ್ತುಕೊಂಡು ನೆಟ್ಟಗೆ ಕೆಳಕ್ಕೆ ಹೋಗುತ್ತದೆ. ತಳ ಕಂಡವರಿಲ್ಲ. ದಡಕ್ಕೆ ಅಷ್ಟು ಹತ್ತಿರವಿರುವುದೇ ಅದರ ಮೋಸ. ದೋಣಿ ಹತ್ತಿ ಒಂದು ಗಂಟೆ ಹೋಗಬೇಕಾದ ಜಾಗಕ್ಕೆ ಜನ ನಾಲ್ಕು ಸಲ ಯೋಚಿಸಿ ಹೊರಡುತ್ತಾರೆ. ಚಹಾದ ಲೋಟ ಬೆಂಚಿನ ಮೇಲಿಟ್ಟು ಬಿಸಿ ಆರುವುದರೊಳಗೆ ಬರುತ್ತೇನೆ ಎನ್ನಬಹುದಾದ ಜಾಗಕ್ಕೆ ಯಾರು ಯೋಚಿಸುತ್ತಾರೆ? ಅದಕ್ಕೇ ಅವಳು ಇದ್ದದ್ದು. ಎಲ್ಲರ ಪರವಾಗಿ ಅವಳೊಬ್ಬಳೇ ಯೋಚಿಸುತ್ತಿದ್ದಳು.

ಬೆಳಿಗ್ಗೆ ಆರಕ್ಕೆ ಬಂದು ಭರತ ಇಳಿತದ ಪಟ್ಟಿ ನೋಡುವಳು. ನೀರು ಯಾವ ಕಡೆಗೆ ಎಳೆಯುತ್ತಿದೆ ಎಂದು ತಿಳಿಯಲು ಮೆಟ್ಟಿಲ ಮೇಲಿಂದ ಒಂದು ಒಣ ಕಡ್ಡಿ ಎಸೆದು ನೋಡುವಳು. ಹೋಗುವಾಗ ಸೆಳೆತದ ಎದುರಿಗೆ, ದಣಿದು ಬರುವಾಗ ಸೆಳೆತದ ಜೊತೆಗೆ. ಹೋಗುವಾಗ ಗೋಡೆ ಎಡಗೈಗಿದ್ದರೆ ಬರುವಾಗ ಬಲಗೈಗೆ. ಇಷ್ಟಾದ ಮೇಲೆ ಗಾಳಿಯ ಲೆಕ್ಕ. ತುಂಬಿದ ಸಿಲಿಂಡರಿನ ಮುಳ್ಳು ಇನ್ನೂರು ತೋರಿಸುತ್ತದೆ. ಅದು ಐವತ್ತಕ್ಕೆ ಇಳಿಯುವುದರೊಳಗೆ ಮನುಷ್ಯ ನೀರಿನಿಂದ ಹೊರಗಿರಬೇಕು. ನಡುವಿನ ನೂರೈವತ್ತು ಮಾತ್ರ ಅವನದು. ಆಳಕ್ಕೆ ಹೋದಷ್ಟೂ ಗಾಳಿ ಬೇಗ ಖಾಲಿಯಾಗುತ್ತದೆ. ಮೂವತ್ತು ಮೀಟರಿನಲ್ಲಿ ಒಂದು ಉಸಿರಿಗೆ ನಾಲ್ಕು ಉಸಿರಿನ ಗಾಳಿ ಬೇಕು. ಇನ್ನು, ಒಬ್ಬೊಬ್ಬರ ಶ್ವಾಸ ಒಂದೊಂದು ರೀತಿ. ಇಬ್ಬರು ಜೊತೆಯಾಗಿ ಇಳಿದರೆ ಹೆಚ್ಚು ಗಾಳಿ ತಿನ್ನುವವನ ಲೆಕ್ಕವೇ ಇಬ್ಬರಿಗೂ ಲೆಕ್ಕ. ಹೊಸಬರಿಗೆ ಅವಳು ಮೊದಲು ಹೇಳುತ್ತಿದ್ದುದು ಇದನ್ನೇ.

ವರ್ಷಕ್ಕೆರಡು ಸಲ ಬರುವ ಹಲ್ಲಿನ ಡಾಕ್ಟರೊಬ್ಬರು ಈ ವಿಷಯದಲ್ಲಿ ಪ್ರತಿಸಲವೂ ಸುಳ್ಳು ಹೇಳುತ್ತಿದ್ದರು. "ನನ್ನ ಉಸಿರು ಈಗ ಬಹಳ ನಿಧಾನ ಅಕ್ಕ, ಪ್ರಾಣಾಯಾಮ ಶುರು ಮಾಡಿದೀನಿ" ಎನ್ನುವರು. ಅವಳು ಅವರ ಹೊಟ್ಟೆಯನ್ನೊಮ್ಮೆ, ಹಲಗೆಯನ್ನೊಮ್ಮೆ ನೋಡಿ, "ಹೌದಾ? ಹಲ್ಲು ಕೀಳುವಾಗ ನೋವಾಗಲ್ಲ ಅಂತ ನೀವು ಹೇಳೋ ಹಾಗೆಯೇ ಇದೂ ಇರಬೇಕು" ಎಂದು ಹಳೆಯ ಲೆಕ್ಕವನ್ನೇ ಬರೆಯುವಳು. ಡಾಕ್ಟರು ಮುಖ ಸಿಂಡರಿಸಿಕೊಂಡು ಇಳಿಯುವರು, ಅವಳು ಬರೆದ ನಿಮಿಷಕ್ಕೆ ಸರಿಯಾಗಿ ಮೇಲೆ ಬರುವರು.

ಹೀಗೆ ಎಲ್ಲರನ್ನೂ ಮೇಲೆ ತಂದವಳಿಗೆ ಗಂಡನನ್ನು ತರಲಾಗಿರಲಿಲ್ಲ.

ಅದಾಗಿ ಹದಿನೆಂಟು ವರ್ಷ. ಅಂಗಡಿ ಗಂಡನದು. ಅವನಿಗೆ ನೀರೆಂದರೆ ಅಂಗಳ. ಅದರ ಹಿಂದಿನ ದಿನ ಬಂದಿದ್ದ ಅತಿಥಿಯೊಬ್ಬನಿಗೆ ಕಿವಿನೋವು. ಗೋಡೆಯ ಮೇಲೆ ಮೂವತ್ತು ಮೀಟರ್ ಆಳದಲ್ಲಿರುವ ದೊಡ್ಡ ಬೀಸಣಿಗೆ ಹವಳದ ಚಿತ್ರವಾದರೂ ಬೇಕು ಎಂದು ಅವನು ತನ್ನ ಕ್ಯಾಮೆರಾವನ್ನು ಗಂಡನ ಕೈಗೆ ಕೊಟ್ಟ. ಗಂಡ ತನ್ನ ತಮ್ಮನನ್ನು ಕರೆದುಕೊಂಡು ಇಳಿದ. ತಮ್ಮನಿಗೆ ಆಗ ಇಪ್ಪತ್ತನಾಲ್ಕು, ಗೋಡೆಗೆ ಇಳಿಯಲು ಶುರುಮಾಡಿ ಮೂರು ತಿಂಗಳು. ವಾಪಸು ಬರುವಾಗ ಕ್ಯಾಮೆರಾ ಕೈಜಾರಿತು. ಬೇರೆ ಕಡೆಯಾದರೆ ಬಿದ್ದದ್ದು ನೆಲಕ್ಕೆ ತಾಗಿ ನಿಲ್ಲುತ್ತದೆ. ಗೋಡೆಯಲ್ಲಿ ನಿಲ್ಲಲು ನೆಲವಿಲ್ಲ. ನೀರು ತಿಳಿಯಾಗಿರುವುದರಿಂದ ಅದು ಕೈಗೆಟುಕುವಷ್ಟು ಹತ್ತಿರ ಕಾಣುತ್ತಲೇ ಇರುತ್ತದೆ. ಜಾರಿದ್ದನ್ನು ಹಿಂಬಾಲಿಸಬಾರದು ಎಂದು ಊರಿಗೆಲ್ಲ ಹೇಳಿಕೊಟ್ಟವನು ಹಿಂಬಾಲಿಸಿದ. ಆಳಕ್ಕೆ ಹೋದಂತೆ ಗಾಳಿಯೇ ಅಮಲೇರಿಸುತ್ತದೆ, ಬುದ್ಧಿ ಕೆಲಸ ಮಾಡುವುದಿಲ್ಲ. ಅವನು ಬರಲಿಲ್ಲ. ದೇಹವೂ ಸಿಗಲಿಲ್ಲ. ತಮ್ಮ ಒಬ್ಬನೇ ಬಂದ.

ಅವನು ಬಂದದ್ದನ್ನು ಅವಳು ಬೆಂಚಿನ ಮೇಲಿಂದಲೇ ನೋಡಿದ್ದಳು. ನೀರಿನ ಮೇಲೆ ಒಂದು ತಲೆ ಕಂಡಿತು. ಇನ್ನೊಂದು ತಲೆ ಬರುತ್ತದೆಂದು ಕಾದಳು. ಮೈದುನ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ, ಕೀಲುಕೀಲಿನಲ್ಲಿ ನೋವು. ಸರಸರನೆ ಮೇಲಕ್ಕೆ ಬಂದವರಿಗೆ ಬರುವ ನೋವು ಅದೆಂದು ಅವಳಿಗೆ ಗೊತ್ತಿತ್ತು. ಹೆದರಿ ಓಡಿಬಂದಿದ್ದಾನೆ, ಅಣ್ಣನನ್ನು ಬಿಟ್ಟು ಜೀವ ಉಳಿಸಿಕೊಂಡಿದ್ದಾನೆ ಎಂದು ಅವಳ ಮನಸ್ಸು ತೀರ್ಪು ಕೊಟ್ಟಿತು. ನೋಡಲು ಹೋಗಲಿಲ್ಲ. ವಿಚಾರಣೆಗೆ ಬಂದವರ ಮುಂದೆ ಅವನು, "ನಾವೇ ಮುಳ್ಳು ನೋಡ್ಕೊಳ್ಳಲಿಲ್ಲ, ತಪ್ಪು ನಮ್ಮದೇ" ಎಂದದ್ದನ್ನು ಕೇಳಿ, ಸತ್ತವನ ತಲೆಗೂ ತಪ್ಪು ಕಟ್ಟಿದನಲ್ಲ ಎಂದು ಇನ್ನಷ್ಟು ಕುದ್ದಳು.

ಅಂದಿನಿಂದ ಅವನೊಡನೆ ನೇರ ಮಾತಿಲ್ಲ. ಅವನು ಅಂಗಡಿಯ ಹಿಂದಿನ ತಗಡಿನ ಕೋಣೆಯಲ್ಲಿ ಸಿಲಿಂಡರುಗಳಿಗೆ ಗಾಳಿ ತುಂಬುವ ಕೆಲಸ ಹಿಡಿದ. ಗೋಡೆಯ ಕಡೆಗೆ ತಲೆಹಾಕಲಿಲ್ಲ. ದೋಣಿಯ ಹಗ್ಗ ಸಿಕ್ಕಿಕೊಂಡರೆ ಬಿಡಿಸಲು ಹತ್ತು ಮೀಟರ್ ನೀರಿಗೆ ಇಳಿಯುವುದು, ಬರುವುದು. ಮದುವೆಯಾಗಲಿಲ್ಲ. ಬೆಳಿಗ್ಗೆ ಅವಳು ಯಾರಾದರೊಬ್ಬರಿಗೆ, "ಆರು ಸಿಲಿಂಡರ್ ಬೇಕಂತ ಹಿಂದೆ ಹೇಳಿ" ಎನ್ನುವಳು. ಹಿಂದಿನಿಂದ "ಆಯ್ತು ಅನ್ನಿ ಅತ್ತಿಗೆಗೆ" ಎಂದು ಉತ್ತರ ಬರುವುದು. ನಡುವೆ ಇದ್ದುದು ಒಂದು ಗೋಣಿಚೀಲದ ಪರದೆ. ಹದಿನೆಂಟು ವರ್ಷ ಮಾತು ಆ ಪರದೆಯನ್ನು ಬೇರೆಯವರ ಬಾಯಲ್ಲೇ ದಾಟಿತು. ಗಡಿಯಾರದಕ್ಕನ ಸಿಟ್ಟು ಅಂಥದ್ದು. ಕೂಗಾಡುವ ಸಿಟ್ಟಾಗಿದ್ದರೆ ಎರಡು ದಿನದಲ್ಲಿ ಮುಗಿಯುತ್ತಿತ್ತು.

ಗಂಡ ಹೋದಾಗ ಐದು ವರ್ಷದವಳಾಗಿದ್ದ ಮಗಳಿಗೆ ಈಗ ಇಪ್ಪತ್ತಮೂರು. ಅಪ್ಪನ ಹುಚ್ಚೇ ಅವಳಿಗೂ. ಬೇಡವೆಂದು ತಾಯಿ ಎಷ್ಟು ತಡೆದರೂ ಹದಿನಾರಕ್ಕೇ ನೀರಿಗಿಳಿದಳು. ಈಗ ಮಾರ್ಗದರ್ಶಿಯ ಪರೀಕ್ಷೆಗೆ ಕುಳಿತಿದ್ದಳು. ಅದಕ್ಕೆ ಕೊನೆಯದಾಗಿ ಗೋಡೆಯ ಮೇಲೆ ಒಂದು ಡೈವನ್ನು ತಾನೇ ಮುಂದಾಳಾಗಿ ನಡೆಸಿ ತೋರಿಸಬೇಕಿತ್ತು. ಜೊತೆಗಾರನನ್ನು ಅವಳೇ ಆರಿಸಿಕೊಳ್ಳಬಹುದು. ಒಂದು ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಬಂದು ಬೆಂಚಿನ ಮೇಲೆ ಕೂತಳು.

"ಅಮ್ಮ, ನಾಡಿದ್ದು ಇಳೀತೀನಿ. ಜೊತೆಗೆ ಚಿಕ್ಕಪ್ಪ."

ತಾಯಿಯ ಕೈಯಲ್ಲಿದ್ದ ಒದ್ದೆ ಬಟ್ಟೆ ಹಲಗೆಯ ಮೇಲೆ ನಿಂತುಬಿಟ್ಟಿತು. "ಬೇಡ."

"ಯಾಕೆ?"

"ಬೇಡ ಅಂದ್ರೆ ಬೇಡ. ಬೇರೆ ಯಾರನ್ನಾದ್ರೂ ಕರ್ಕೊ. ಹಲ್ಲಿನ ಡಾಕ್ಟರನ್ನ ಬೇಕಾದ್ರೆ ಕರ್ಕೊ."

"ನಗಿಸಬೇಡ. ಕಾರಣ ಹೇಳು."

"ಜೊತೆಗೆ ಹೋಗಿ ಒಬ್ಬನೇ ವಾಪಸು ಬರೋನ ಜೊತೆ ನಿನ್ನ ಕಳಿಸಲ್ಲ."

ಈ ಮಾತು ಮನೆಯಲ್ಲಿ ಇದೆಯೆಂದು ಮಗಳಿಗೆ ಗೊತ್ತಿತ್ತು, ಬಾಯಿಬಿಟ್ಟು ಕೇಳಿದ್ದು ಮೊದಲ ಸಲ. ಅವಳಿಗೆ ಈಜು ಕಲಿಸಿದವನು ಆ ಚಿಕ್ಕಪ್ಪನೇ. ಮೊದಲ ಸೈಕಲ್ಲಿನ ಸರಪಳಿ ಹಾಕಿಕೊಟ್ಟವನೂ ಅವನೇ. ತಗ್ಗಿದ ದನಿಯಲ್ಲಿ, "ನೀನೇ ಹೇಳ್ತೀಯಲ್ಲ, ಬೇಕು ಬೇಡ ಲೆಕ್ಕ ಹೇಳಬೇಕು, ಮನಸ್ಸಲ್ಲ ಅಂತ. ಯೋಜನೆ ಮಾಡು. ಲೆಕ್ಕ ಕೂಡಲಿಲ್ಲ ಅಂದ್ರೆ ನಾನು ಹೋಗಲ್ಲ. ಕೂಡಿದ್ರೆ ನೀನು ಅಡ್ಡ ಬರಬಾರದು" ಎಂದಳು.

ಅವಳದೇ ಮಾತನ್ನು ಅವಳಿಗೇ ಹಿಡಿದು ತೋರಿಸಿದ್ದಳು ಹುಡುಗಿ. ಗಡಿಯಾರದಕ್ಕನಿಗೆ ಒಳಗೊಳಗೇ ಸಮಾಧಾನವೂ ಆಯಿತು. ಮೈದುನ ಗಾಳಿಯನ್ನು ಗುಟುಕರಿಸುವವನಲ್ಲ, ಗಟಗಟ ಕುಡಿಯುವವನು ಎಂದು ಅವಳಿಗೆ ಮಸುಕಾಗಿ ನೆನಪಿತ್ತು. ಲೆಕ್ಕ ಕೂಡುವುದಿಲ್ಲ. ಕೂಡದಂತೆ ಇರುವ ಲೆಕ್ಕವನ್ನು ಅವನ ಪುಸ್ತಕದಿಂದಲೇ ತೆಗೆದು ಮಗಳ ಮುಂದಿಟ್ಟರೆ ಮುಗಿಯಿತು. "ಅವನ ಪುಸ್ತಕ ತಗೊಂಬಾ" ಎಂದಳು. ನೀರಿಗಿಳಿಯುವ ಪ್ರತಿಯೊಬ್ಬರೂ ಪ್ರತಿ ಡೈವಿನ ಆಳ, ಗಾಳಿ, ಹೊತ್ತು ಬರೆದಿಡುವ ಪುಸ್ತಕ ಅದು.

ಮಗಳು ಪರದೆ ಸರಿಸಿ ಒಳಗೆ ಹೋದಳು. "ಎಲ್ಲಾ ಬೇಕಂತಾ?" ಎಂದು ಮೈದುನ ಕೇಳಿದ್ದು ಹೊರಗೂ ಕೇಳಿಸಿತು. "ಹೂಂ, ಎಲ್ಲಾ." ಆಮೇಲೆ ಪೆಟ್ಟಿಗೆಯೊಂದನ್ನು ಎಳೆದ ಸದ್ದು. ಕೊನೆಗೆ ಮಗಳು ನಾಲ್ಕು ಪುಸ್ತಕಗಳನ್ನು ಎದೆಗವಚಿಕೊಂಡು ಬಂದಳು, ಅವನ್ನು ಬೆಂಚಿನ ಮೇಲಿಟ್ಟು ಮನೆಗೆ ಹೋದಳು.

ಮೂರು ಪುಸ್ತಕಗಳಲ್ಲಿ ಬರೀ ಹಗ್ಗ ಬಿಡಿಸಿದ ಡೈವುಗಳು. ಎಂಟು ಮೀಟರ್, ಹತ್ತು ಮೀಟರ್. ಮೂವತ್ತು ಮೀಟರಿನಲ್ಲಿ ಅವನು ನಿಮಿಷಕ್ಕೆ ಎಷ್ಟು ಗಾಳಿ ತಿನ್ನುತ್ತಾನೆ ಎಂದು ತಿಳಿಯಬೇಕಾದರೆ ಎಲ್ಲಕ್ಕಿಂತ ಹಳೆಯದನ್ನೇ ತೆಗೆಯಬೇಕು. ತೆಗೆದಳು. ನೀರು ಕುಡಿದು ಒಣಗಿದ ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಮೂವತ್ತು ಮೀಟರಿನ ಡೈವುಗಳು ಎರಡೇ. ಮೊದಲನೆಯದರಿಂದ ಲೆಕ್ಕ ಹಾಕಿದಳು: ನಿಮಿಷಕ್ಕೆ ಏಳು. ಅವಳ ಗಂಡನದು ನಾಲ್ಕು. ನೆನಪು ಸುಳ್ಳಾಗಿರಲಿಲ್ಲ. ಎರಡನೆಯದು ಆ ದಿನದ್ದು. ಅದನ್ನು ನೋಡಬೇಕಾದ ಅಗತ್ಯವಿರಲಿಲ್ಲ, ಬೇಕಾದ ಸಂಖ್ಯೆ ಆಗಲೇ ಸಿಕ್ಕಿತ್ತು. ಆದರೂ ಹಾಳೆ ತಿರುವಿದಳು.

ಆಸ್ಪತ್ರೆಯಲ್ಲಿ ಮಲಗಿ ಬರೆದದ್ದಿರಬೇಕು, ಅಕ್ಷರಗಳು ಸೊಟ್ಟಗಿದ್ದವು. ಸ್ಥಳ: ಗೋಡೆ. ಜೊತೆ: ಅಣ್ಣ. ಯೋಜನೆ: ಮೂವತ್ತು ಮೀಟರ್, ಹದಿನೈದಕ್ಕೆ ತಿರುಗು. ಗಾಳಿ: ಇಳಿದಾಗ ಇನ್ನೂರು, ತಿರುಗಿದಾಗ ತೊಂಬತ್ತೈದು, ಇಪ್ಪತ್ತೊಂದನೇ ನಿಮಿಷಕ್ಕೆ, ಕ್ಯಾಮೆರಾ ಜಾರಿದಾಗ, ಅರವತ್ತು. ಹೊರಬಂದಾಗ ಹತ್ತು. ಅತಿ ಹೆಚ್ಚಿನ ಆಳ: ನಲವತ್ತನಾಲ್ಕು.

ಮೊದಲು ಅವಳ ಕಣ್ಣು ಕೊನೆಯ ಸಂಖ್ಯೆಯ ಮೇಲೆ ನಿಂತಿತು. ಯೋಜನೆ ಮೂವತ್ತಕ್ಕೆ. ನಲವತ್ತನಾಲ್ಕು ಎಲ್ಲಿಂದ ಬಂತು? ಆಳ ತೋರಿಸುವ ಯಂತ್ರದಲ್ಲಿ ಎರಡು ಮುಳ್ಳು. ಕಪ್ಪು ಮುಳ್ಳು ಏರುತ್ತ ಇಳಿಯುತ್ತ ಇರುತ್ತದೆ, ಕೆಂಪು ಮುಳ್ಳು ಮುಟ್ಟಿದ ಅತಿ ಆಳದಲ್ಲೇ ನಿಂತುಬಿಡುತ್ತದೆ. ಕೆಂಪು ಮುಳ್ಳು ಸುಳ್ಳು ಹೇಳುವುದಿಲ್ಲ. ಬರೀ ಅರವತ್ತು ಗಾಳಿ ಇಟ್ಟುಕೊಂಡು ಅವನು ಅಣ್ಣನ ಹಿಂದೆ ಕೆಳಕ್ಕೆ ಇಳಿದಿದ್ದ. ಹತ್ತು ಉಳಿದಾಗ ಮೇಲೆ ಬಂದಿದ್ದ. ಸರಸರನೆ ಬಂದದ್ದು ಹೆದರಿಕೆಯಿಂದಲ್ಲ, ನಿಧಾನವಾಗಿ ಬರಲು ಗಾಳಿಯೇ ಇರಲಿಲ್ಲ. ಹದಿನೆಂಟು ವರ್ಷ ಅವನನ್ನು ಹೇಡಿ ಎಂದುಕೊಂಡಿದ್ದಳು. ಗಡಿಯಾರದಕ್ಕನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಆಮೇಲೆ ಕಣ್ಣು ಮೇಲಿನ ಸಾಲಿಗೆ ಹೋಯಿತು. ಹದಿನೈದಕ್ಕೆ ತಿರುಗು. ನಿಮಿಷಕ್ಕೆ ಏಳು ತಿನ್ನುವವನಿಗೆ ಹದಿನೈದು ನಿಮಿಷವೇ? ಯಾವ ದಡ್ಡ ಮಾಡಿದ ಲೆಕ್ಕ ಇದು, ಒಂಬತ್ತಕ್ಕೆ ತಿರುಗಬೇಕು ಎಂದುಕೊಂಡಳು. ಎಂದುಕೊಂಡ ಕೂಡಲೇ ಹೊಳೆಯಿತು. ಲೆಕ್ಕ ಮಾಡಿದವಳು ಅವಳೇ.

ಆ ಬೆಳಗು ಒಂದೊಂದಾಗಿ ನೆನಪಿಗೆ ಬಂತು. ಹಿಂದಿನ ದಿನವೇ ಹಲಗೆಯ ಮೇಲೆ ಯೋಜನೆ ಬರೆದಾಗಿತ್ತು. ಗಂಡನ ಜೊತೆ ಇಳಿಯಬೇಕಾಗಿದ್ದವನು ದೋಣಿಯ ಮೇಸ್ತ್ರಿ. ಗಂಡನಷ್ಟೇ ನಿಧಾನ ಉಸಿರಿನ ಮನುಷ್ಯ. ಅವರಿಬ್ಬರಿಗೆ ಹದಿನೈದು ನಿಮಿಷ ಹೇಳಿ ಮಾಡಿಸಿದ್ದು. ಬೆಳಿಗ್ಗೆ ಏಳಕ್ಕೆ ಮೇಸ್ತ್ರಿಗೆ ಜ್ವರವೆಂದು ಸುದ್ದಿ ಬಂತು. "ನನ್ನ ತಮ್ಮ ಬರ್ತಾನೆ ಬಿಡು" ಎಂದ ಗಂಡ. ಮಗಳು ಒಂದು ಕಾಲಿಗೆ ಸಾಕ್ಸ್ ಹಾಕಿ ಇನ್ನೊಂದು ಸಿಗದೆ ರಂಪ ಮಾಡುತ್ತಿದ್ದಳು, ಶಾಲೆಗೆ ಹೊತ್ತಾಗಿತ್ತು. ಅವಳು ಒದ್ದೆ ಬಟ್ಟೆಯ ಒಂದೇ ಎಳೆತಕ್ಕೆ ಮೇಸ್ತ್ರಿಯ ಹೆಸರು ಒರೆಸಿ, ಮೈದುನನ ಹೆಸರು ಬರೆದು, ಸಾಕ್ಸ್ ಹುಡುಕಲು ಓಡಿದಳು. ಹೆಸರು ಬದಲಾಯಿತು. ಅದರ ಪಕ್ಕದ ನಿಮಿಷ ಹಾಗೆಯೇ ಉಳಿಯಿತು.

ಅಲ್ಲಿ ಕೂತೇ ಅವಳು ಇನ್ನೊಂದು ಯೋಜನೆ ಮಾಡಿದಳು. ಹದಿನೆಂಟು ವರ್ಷ ತಡವಾಗಿ, ಪೆನ್ಸಿಲಿನಲ್ಲಿ, ಹಳೆಯ ಕಾಗದದ ಹಿಂಬದಿಯ ಮೇಲೆ. ಹೋಗಲು ಒಂಬತ್ತು. ಬರಲು ಒಂಬತ್ತು. ಕೀಲುನೋವು ಬಾರದಂತೆ ಮೇಲಿನ ಆಳವಿಲ್ಲದ ನೀರಿನಲ್ಲಿ ತಡೆದು ನಿಲ್ಲಲು ಮೂರು. ಒಟ್ಟು ಇಪ್ಪತ್ತೊಂದು. ಒಂಬತ್ತು ನಿಮಿಷಕ್ಕೆ ಬೀಸಣಿಗೆ ಹವಳ ಎಟುಕುವುದಿಲ್ಲ, ಇವತ್ತು ಚಿತ್ರ ಆಗುವುದಿಲ್ಲ ಎಂದು ಅತಿಥಿಗೆ ಹೇಳಬೇಕಾಗುತ್ತಿತ್ತು. ಅವನು ಮುಖ ಉಬ್ಬಿಸಿಕೊಳ್ಳುತ್ತಿದ್ದ. ಅಷ್ಟೇ ಆಗುತ್ತಿದ್ದುದು. ಇಪ್ಪತ್ತೊಂದನೇ ನಿಮಿಷಕ್ಕೆ, ಕ್ಯಾಮೆರಾ ಕೈಜಾರಿದ ಆ ನಿಮಿಷಕ್ಕೆ, ಅಣ್ಣತಮ್ಮಂದಿರಿಬ್ಬರೂ ಮೆಟ್ಟಿಲ ಮೇಲೆ ಕೂತು ಕಾಲಿನ ರೆಕ್ಕೆ ಬಿಚ್ಚುತ್ತಿದ್ದರು.

ಎದ್ದು ಪರದೆಯ ಹತ್ತಿರ ಹೋದಳು, ನಿಂತಳು, ತಿರುಗಿ ಬಂದಳು, ಮತ್ತೆ ಹೋದಳು. ಯಾರ ಕೈಲಿ ಹೇಳಿಕಳಿಸುವುದು ಇದನ್ನು? ಪರದೆ ಸರಿಸಿ ಒಳಗೆ ಕಾಲಿಟ್ಟಳು. ಮೈದುನ ಸ್ಟೂಲಿನ ಮೇಲೆ ಕೂತು ಒಂದು ರಬ್ಬರಿನ ಉಂಗುರಕ್ಕೆ ಜಿಡ್ಡು ಹಚ್ಚುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಕಿವಿಯ ಮೇಲೆ ಕೂದಲು ನರೆತಿತ್ತು. ಇಷ್ಟು ನರೆತದ್ದು ಯಾವಾಗ ಎಂದು ಅವಳಿಗೆ ತಿಳಿದಿರಲಿಲ್ಲ.

"ಒಂಬತ್ತು ಬರೀಬೇಕಿತ್ತು ನಾನು" ಎಂದಳು.

ಅವನು ಗಾಳಿ ತುಂಬುವ ಯಂತ್ರವನ್ನು ಆರಿಸಿದ.

"ಗೊತ್ತು ಅತ್ತಿಗೆ."

"ಯಾವಾಗಿಂದ?"

"ನೀರೊಳಗೇ ಗೊತ್ತಾಯ್ತು. ತಿರುಗಿದಾಗ ಮುಳ್ಳು ನೋಡಿದೆ. ಅಣ್ಣಂದು ನೂರನಲವತ್ತು, ನಂದು ತೊಂಬತ್ತೈದು. ಅದಕ್ಕೂ ಮುಂಚೆ ನೋಡಿದ್ದೆ. ಹತ್ತನೇ ನಿಮಿಷಕ್ಕೇ ನಾನು ಅಣ್ಣಂಗೆ ತೋರಿಸ್ಬೇಕಿತ್ತು. ಹೊಸಬ ನಾನು, ಇಷ್ಟು ಬೇಗ ಮುಗಿಸ್ದೆ ಅಂದ್ರೆ ನಗ್ತಾನೆ ಅಂತ ಸುಮ್ನಿದ್ದೆ. ಅದು ನನ್ನ ತಪ್ಪು. ಅದನ್ನ ನಿಮ್ಮ ಲೆಕ್ಕಕ್ಕೆ ಹಾಕ್ಕೋಬೇಡಿ."

"ವಿಚಾರಣೆಗೆ ಬಂದೋರ ಹತ್ರ ಹೇಳಬಹುದಿತ್ತಲ್ಲ. ನನ್ನ ಹತ್ರ ಹೇಳಬಹುದಿತ್ತಲ್ಲ."

"ಹೇಳಿ ಏನು ಮಾಡೋದಿತ್ತು? ನೀವು ಆಗಲೇ ಊಟ ಬಿಟ್ಟು ಮಲಗಿದ್ರಿ. ಮನೇಲಿ ಐದು ವರ್ಷದ ಮಗು. ಒಬ್ಬರನ್ನ ಕಳ್ಕೊಂಡಿದ್ದು ಸಾಲದೇನು?"

"ನಿನ್ನ ಮುಖ ನೋಡ್ಲಿಲ್ಲವಲ್ಲೋ ನಾನು, ಇಷ್ಟು ವರ್ಷ."

ಅವನು ಉಂಗುರವನ್ನು ಬೆರಳಲ್ಲಿ ತಿರುಗಿಸುತ್ತ, "ಬೈಯೋಕೆ ಯಾರಾದ್ರೂ ಒಬ್ಬರು ಬೇಕಿತ್ತು ನಿಮಗೆ" ಎಂದ. ಕ್ಷಮಿಸು ಎಂದು ಅವಳ ಬಾಯಿಗೆ ಬಂದದ್ದು ಬಹಳ ಚಿಕ್ಕ ಮಾತೆನಿಸಿ ಅಲ್ಲೇ ನಿಂತಿತು. ಹೊರಗೆ ಬಂದಳು.

ಮಗಳಿಗೆ ಹೇಳದಿದ್ದರೆ ನಡೆಯುತ್ತಿತ್ತು. ಮೈದುನ ಸಾಯುವವರೆಗೂ ಬಾಯಿಬಿಡುತ್ತಿರಲಿಲ್ಲ. ಪುಸ್ತಕ ಮುಚ್ಚಿ, "ಲೆಕ್ಕ ಕೂಡಿತು, ಹೋಗು" ಎಂದಿದ್ದರೆ ಮುಗಿಯುತ್ತಿತ್ತು. ಮನೆಗೆ ಹೋಗುವ ದಾರಿಯುದ್ದಕ್ಕೂ ಗಡಿಯಾರದಕ್ಕ ಇದನ್ನೇ ಯೋಚಿಸಿದಳು. ತನಗಿದ್ದದ್ದು ಒಬ್ಬಳೇ ಮಗಳು. ಅವಳ ಕಣ್ಣಲ್ಲಿ ಸಣ್ಣವಳಾಗಲು ಯಾವ ತಾಯಿಗೆ ಮನಸ್ಸು ಬರುತ್ತದೆ? ಆದರೆ ನಾಡಿದ್ದು ಆ ಹುಡುಗಿ ಇಳಿಯುವುದು ತಾನು ಬರೆದ ನಿಮಿಷವನ್ನು ನಂಬಿಕೊಂಡು. ಬರೆದ ಕೈ ಒಮ್ಮೆ ತಪ್ಪಿತ್ತೆಂದು ಅವಳಿಗೆ ತಿಳಿದಿರಬೇಕು. ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತಿದ್ದ ಮಗಳ ಮುಂದೆ ನಿಂತು, ಮೇಸ್ತ್ರಿಯ ಜ್ವರದಿಂದ ಹಿಡಿದು ಕೆಂಪು ಮುಳ್ಳಿನವರೆಗೆ ಎಲ್ಲವನ್ನೂ ಹೇಳಿದಳು. ಸಾಕ್ಸಿನ ಮಾತನ್ನು ಮಾತ್ರ ಬಿಟ್ಟಳು. ಅದನ್ನು ಆ ಮಗುವಿನ ತಲೆಗೆ ಯಾಕೆ ಕಟ್ಟಬೇಕು.

ಮಗಳು ಕೇಳುತ್ತ ಕೇಳುತ್ತ ಅದೇ ತಟ್ಟೆಯನ್ನು ಒರೆಸುತ್ತಲೇ ಇದ್ದಳು.

"ಅಂದ್ರೆ, ನೀನು ಚಿಕ್ಕಪ್ಪನ್ನ ದೂರ ಇಟ್ಟಿದ್ದು…" ಎಂದಳು.

"ಹೂಂ."

"ನನ್ನ ಹುಟ್ಟಿದ ದಿನ ಅವರು ಹೊರಗೆ ರಸ್ತೇಲೇ ನಿಂತು ಉಡುಗೊರೆ ಕೊಟ್ಟು ಹೋಗ್ತಿದ್ರು ಅಮ್ಮ. ಪ್ರತಿ ವರ್ಷ. ಒಳಗೆ ಬಾ ಅಂತ ಒಂದ್ಸಲನೂ ಕರೀಲಿಲ್ಲ ನೀನು."

ತಟ್ಟೆ ಇಟ್ಟು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮರುದಿನವೆಲ್ಲ ತಾಯಿಯ ಜೊತೆ ಮಾತಾಡಲಿಲ್ಲ. ಸಿಟ್ಟಿನ ಆ ರೀತಿ ಎಲ್ಲಿಂದ ಬಂತೆಂದು ತಾಯಿಗೆ ಹೇಳಿಕೊಡಬೇಕಾಗಿರಲಿಲ್ಲ.

ಡೈವಿನ ಬೆಳಿಗ್ಗೆ ಮೂವರೂ ಹಲಗೆಯ ಮುಂದೆ ನಿಂತರು. ಪರೀಕ್ಷಕ ಒಂಬತ್ತಕ್ಕೆ ಬರುವವನಿದ್ದ. ಮಾರ್ಕರ್ ಹಿಡಿದ ಗಡಿಯಾರದಕ್ಕನ ಕೈ ಹಲಗೆಯ ತನಕ ಹೋಗಿ ಇಳಿಯಿತು.

"ನೀನೇ ಬರಿ. ನನ್ನಿಂದ ಆಗಲ್ಲ" ಎಂದಳು ಮಗಳಿಗೆ.

ಮಗಳು ಮಾರ್ಕರ್ ತೆಗೆದುಕೊಳ್ಳಲಿಲ್ಲ. ಹಿಂದೆ ನಿಂತಿದ್ದ ಮೈದುನ, "ನೀವು ಬರೆದ್ರೆ ಮಾತ್ರ ನಾನು ಇಳಿಯೋದು ಅತ್ತಿಗೆ" ಎಂದ. ಅಷ್ಟೇ ಹೇಳಿ ಬೂಟಿನ ಜಿಪ್ಪು ಎಳೆಯಲು ಬಗ್ಗಿದ.

ಅವಳು ಬರೆದಳು. ಆಳ ಇಪ್ಪತ್ತು ಮೀಟರ್, ಅದಕ್ಕಿಂತ ಒಂದು ಅಡಿಯೂ ಹೆಚ್ಚಲ್ಲ. ಗೋಡೆ ಎಡಗೈಗೆ. ಲೆಕ್ಕ ಮೈದುನನ ಉಸಿರಿನದು, ಇಪ್ಪತ್ತು ಮೀಟರಿಗೆ ನಿಮಿಷಕ್ಕೆ ಐದೂಕಾಲು. ಹನ್ನೆರಡಕ್ಕೆ ತಿರುಗು. ಬರೆದು ಮುಗಿಸಿ ಪಕ್ಕಕ್ಕೆ ಸರಿದಾಗ ಮಗಳು ಮುಂದೆ ಬಂದಳು. ಜೇಬಿನಿಂದ ಪೆನ್ಸಿಲು ತೆಗೆದು, ಅಂಗೈ ಅಗಲದ ಕಾಗದದ ಮೇಲೆ ತಾಯಿಯ ಒಂದೊಂದು ಸಂಖ್ಯೆಯನ್ನೂ ಮೊದಲಿಂದ ಕೂಡಿ, ಗುಣಿಸಿ, ಕಳೆದು ನೋಡಿದಳು. ಇಪ್ಪತ್ತನಾಲ್ಕು ವರ್ಷಗಳಲ್ಲಿ ಗಡಿಯಾರದಕ್ಕನ ಲೆಕ್ಕವನ್ನು ಇನ್ನೊಬ್ಬರು ಪರೀಕ್ಷಿಸಿದ್ದು ಅದೇ ಮೊದಲು. ಅವಳಿಗೆ ನೋವಾಯಿತು, ಆದರೂ ಅಲುಗಾಡದೆ ನಿಂತಿದ್ದಳು. ಮಗಳು ಕೊನೆಗೆ ಹಲಗೆಯ ಮೂಲೆಯಲ್ಲಿ ತಾಯಿಯ ಸಹಿಯ ಕೆಳಗೆ ತನ್ನ ಸಹಿ ಹಾಕಿದಳು.

"ಸರಿ ಇದೆ" ಎಂದಳು. ಎರಡು ದಿನದಲ್ಲಿ ತಾಯಿಗೆ ಹೇಳಿದ ಮೊದಲ ಮಾತು.

ಒಂಬತ್ತೂವರೆಗೆ ಪರೀಕ್ಷಕನೂ ಸೇರಿ ಮೂರು ತಲೆಗಳು ನೀರಿನಡಿ ಮರೆಯಾದವು. ಗಡಿಯಾರದಕ್ಕ ಬೆಂಚಿನ ಮೇಲೆ ಕೂತಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಅವಳಿಗೆ ಹೊಸದಲ್ಲ. ತಾನು ಬರೆದದ್ದನ್ನು ಹಲಗೆಯ ಮೇಲೆ ಮತ್ತೆಮತ್ತೆ ಓದುವುದು ಮಾತ್ರ ಹೊಸದು. ಹನ್ನೆರಡನೇ ನಿಮಿಷಕ್ಕೆ, ಈಗ ತಿರುಗಿರುತ್ತಾರೆ ಎಂದುಕೊಂಡಳು. ಇಪ್ಪತ್ತಕ್ಕೆ ಎದ್ದು ನಿಂತಳು. ಇಪ್ಪತ್ತನಾಲ್ಕು. ಇಪ್ಪತ್ತೈದಕ್ಕೆ ಮೆಟ್ಟಿಲಿಳಿದು ಮೊಣಕಾಲು ನೀರಿನವರೆಗೂ ಹೋದಳು. ಇಪ್ಪತ್ತೇಳಕ್ಕೆ ಒಂದು ತಲೆ ಮೇಲೆ ಬಂತು. ಒಂದು ಕ್ಷಣ ಅದೊಂದೇ ಇತ್ತು. ಆಮೇಲೆ ಅದರ ಪಕ್ಕದಲ್ಲಿ ಇನ್ನೊಂದು, ಅದರ ಹಿಂದೆ ಮತ್ತೊಂದು.

ಪರೀಕ್ಷಕ ಮಗಳನ್ನು ಪಕ್ಕಕ್ಕೆ ಕರೆದೊಯ್ದು ಕಾಗದಗಳಲ್ಲಿ ಏನೋ ತುಂಬಿಸತೊಡಗಿದ. ಮೈದುನ ಸಿಲಿಂಡರ್ ಇಳಿಸಿ ಮೆಟ್ಟಿಲ ಮೇಲೆ ಕುಸಿದು ಕೂತ. ಹದಿನೆಂಟು ವರ್ಷದ ಮೇಲೆ ಗೋಡೆ ನೋಡಿ ಬಂದಿದ್ದ. ತುಟಿ ನೀಲಿಗಟ್ಟಿತ್ತು. ಅವಳು ಒದ್ದೆ ಸೆರಗಿನಲ್ಲೇ ಅವನ ಪಕ್ಕದ ಮೆಟ್ಟಿಲ ಮೇಲೆ ಕೂತಳು. ಆ ದಿನದಿಂದ ಯಾರನ್ನೂ ಕೇಳದೆ ಬಿಟ್ಟಿದ್ದನ್ನು, ಕೇಳಲು ಅವನೊಬ್ಬನೇ ಇದ್ದ ಕಾರಣಕ್ಕೆ ಕೇಳದೆ ಬಿಟ್ಟಿದ್ದನ್ನು, ಈಗ ಕೇಳಿದಳು.

"ಎಲ್ಲೀವರೆಗೆ ಕಂಡ್ರು ಅವರು?"

ಅವನು ನೀರನ್ನೇ ನೋಡುತ್ತಿದ್ದ.

"ನಲವತ್ನಾಲ್ಕರಲ್ಲಿ ನಿಂತೆ ಅತ್ತಿಗೆ. ನನಗಿಂತ ಬಹಳ ಕೆಳಗಿದ್ದ. ಗಾಳಿ ಸಿಲಿಂಡರಿಗೆ ಚಾಕು ಬಡಿದು ಸದ್ದು ಮಾಡ್ದೆ. ಮೂರು ಸಲ. ಮೂರನೇ ಸಲಕ್ಕೆ ತಲೆ ಎತ್ತಿ ನೋಡ್ದ. ನನ್ನ ನೋಡ್ದ. ಕ್ಯಾಮೆರಾ ಅಷ್ಟೊತ್ತಿಗೆ ಹೋಗಿತ್ತು, ಕೈ ಖಾಲಿ ಇತ್ತು. ಬಾ ಅಂತ ಕೈ ಮಾಡ್ದೆ. ಅವನು ಹೆಬ್ಬೆರಳು ತೋರಿಸ್ದ. ಮೇಲೆ ಹೋಗು ಅಂತ. ಎರಡು ಸಲ ತೋರಿಸ್ದ. ನಾನು ಹೋಗದೆ ನಿಂತಿದ್ದಕ್ಕೆ ಸಿಟ್ಟಿಂದ ತೋರಿಸ್ದ ಹಾಗಿತ್ತು, ಮನೇಲಿ ಗದರೋ ಹಾಗೆ."

ಒದ್ದೆ ಬೂಟಿನ ಜಿಪ್ಪು ಎಳೆಯುತ್ತ ಮತ್ತೆ ಹೇಳಿದ. "ನಾನು ಹೊರಟೆ. ಅವನು ಹೇಳಿದ್ನಲ್ಲ ಅಂತ ಹೊರಟೆ. ತಿರುಗಿ ನೋಡಿದಾಗ ಇನ್ನೂ ನನ್ನ ಕಡೆಗೇ ನೋಡ್ತಿದ್ದ."

ಗಂಡ ಯಾವುದೋ ವಸ್ತುವಿನ ಹಿಂದೆ, ಬೆನ್ನು ಹಾಕಿಕೊಂಡು, ಅಮಲಿನಲ್ಲಿ ಹೋದನೆಂದೇ ಇಷ್ಟು ದಿನ ಗಡಿಯಾರದಕ್ಕನ ಕಣ್ಣಮುಂದೆ ಇತ್ತು. ಅವನು ತಲೆಯೆತ್ತಿ ನೋಡಿದ್ದ. ತಮ್ಮನ ಮುಳ್ಳು ಎಷ್ಟರಲ್ಲಿದೆ ಎಂದು ಆ ಸ್ಥಿತಿಯಲ್ಲೂ ಅವನಿಗೆ ಹೊಳೆದಿತ್ತು. ತಮ್ಮನನ್ನು ಮೇಲೆ ಕಳಿಸಿದ್ದ, ಮನೆಗೆ ಕಳಿಸಿದ್ದ. ಅವನು ಕಳಿಸಿದವನನ್ನು ಅವಳು ಬಾಗಿಲಿನಿಂದಾಚೆಯೇ ನಿಲ್ಲಿಸಿದ್ದಳು.

ಮೈದುನನ ತಣ್ಣನೆಯ ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದುಕೊಂಡಳು. ಆಗ ಬಂತು ಅಳು. ಗಂಡ ಹೋದ ದಿನ ಬೆಂಚಿನ ಮೇಲೆ ಬಿಗಿದುಕೊಂಡು ಕೂತಿದ್ದವಳು, ಹಾಡುಹಗಲು, ಪರೀಕ್ಷಕನ ಎದುರಿಗೆ, ಡೈವಿಗೆ ಸಾಲು ನಿಂತ ಅತಿಥಿಗಳ ಎದುರಿಗೆ ಗಟ್ಟಿಯಾಗಿ ಅತ್ತಳು. ಮಗಳು ಕಾಗದ ಬಿಟ್ಟು ಓಡಿಬಂದು ಇನ್ನೊಂದು ಪಕ್ಕದಲ್ಲಿ ಕೂತಳು.

ಬಹಳ ಹೊತ್ತಾದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಗಡಿಯಾರದಕ್ಕ ಎದ್ದಳು.

"ಏಳು, ಮನೆಗೆ ನಡಿ" ಎಂದಳು ಮೈದುನನಿಗೆ. "ಒಳಗೆ ಬಂದು ಊಟ ಮಾಡು."